ಮಲ್ಲಿಕ ಕಾಕಾ ಕೊಟ್ಟ ರಕ್ತ

ನಮ್ಮಪ್ಪ ಗೊಲ್ಲಾಳಪ್ಪನಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ಬಬಲೇಶ್ವರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಾಗೆ ಹೇಳುವವರು ಅವನನ್ನು ಸೂಜಿಯ ಮುಂದೆ ನೋಡಿರಲಿಲ್ಲ, ಅಷ್ಟೆ. ವಯಸ್ಸಿನಲ್ಲಿದ್ದಾಗ ಕುಸ್ತಿ ಹಿಡಿದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಮಾಡಿದವನು. ಕುಸ್ತಿ ಬಿಟ್ಟು ಹೊಲ, ಕುರಿ ಅಂತ ಬದುಕು ಹಿಡಿದು ಎಷ್ಟೋ ಕಾಲವಾಗಿತ್ತು. ಆದರೂ ನಡಿಗೆ ಮಾತ್ರ ಪೈಲವಾನನದೇ ಉಳಿದಿತ್ತು. ಊಟವೂ ಹಾಗೆಯೇ.

ಅವನ ಜೀವದ ಗೆಳೆಯ ಟಿಕೋಟಾದ ಮಲ್ಲಿಕಸಾಬ. ನನಗೆ ಮಲ್ಲಿಕ ಕಾಕಾ. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ ಅವರದು. ಹುಡುಗರಾಗಿದ್ದಾಗ ಇಬ್ಬರೂ ವಿಜಾಪುರದ ಒಂದೇ ಗರಡಿ ಮನೆಯಲ್ಲಿ ಸಾಮು ಮಾಡಿದವರು, ಒಬ್ಬನೇ ಉಸ್ತಾದನ ಕೈಯಲ್ಲಿ ಏಟು ತಿಂದವರು, ಒಂದೇ ತಾಟಿನಲ್ಲಿ ಉಂಡವರು. ಬೆಳಿಗ್ಗೆ ಬದಾಮಿ ಅರೆದು ಹಾಕಿದ ಹಾಲು, ಮಧ್ಯಾಹ್ನ ಬಟ್ಟಲು ತುಂಬ ತುಪ್ಪ, ಸಂಜೆ ಮಟನ್ನು. ಇದಕ್ಕೆ ಪೈಲವಾನರು ಖುರಾಕು ಎನ್ನುತ್ತಾರೆ. ಕುಸ್ತಿ ನಿಂತ ಮೇಲೆ ಖುರಾಕನ್ನೂ ನಿಲ್ಲಿಸಬೇಕು ಎಂದು ಇವರಿಬ್ಬರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುವ ಪೈಕಿ ಅಲ್ಲ.

ಎಪ್ಪತ್ತಾರನೇ ಇಸವಿ. ಸುಗ್ಗಿ ಮುಗಿದಿತ್ತು. ನಮ್ಮ ದೊಡ್ಡಪ್ಪ ಸಿದ್ದರಾಯ ಎತ್ತು ಕಟ್ಟಲು ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕೂತ. ನೀರು ತಂದು ಬಾಯಿಗೆ ಬಿಡುವಷ್ಟರಲ್ಲಿ ಮುಗಿದುಹೋಗಿತ್ತು. ಐವತ್ತೂ ಆಗಿರಲಿಲ್ಲ. ಒಂದು ದಿನ ಜ್ವರ ಅಂತ ಮಲಗಿದವನಲ್ಲ ನಮ್ಮ ದೊಡ್ಡಪ್ಪ.

ನಮ್ಮವ್ವ ಸಕ್ರವ್ವ ಅಳುತ್ತ ಕೂಡುವವಳಲ್ಲ. ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಡಾಕ್ಟರ್ ಗುರುಪಾದಯ್ಯನವರ ದವಾಖಾನೆ ಇತ್ತು. ಅವ್ವ ನನ್ನನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ, ಭಾವನಿಗೆ ಹೀಗೇಕಾಯಿತು ಎಂದು ಕೇಳಿದಳು.

"ಆಗಿದ್ದು ಆಗಿ ಹೋತವ್ವಾ," ಎಂದರು ಡಾಕ್ಟರು. "ಈಗ ಅವನ ತಮ್ಮನ್ನ, ನಿನ್ನ ಗಂಡನ್ನ ಕರಕೊಂಡು ಬಾ. ಇಂಥಾವು ಒಂದೊಂದು ಮನಿತನದಾಗ ಬರತಾವ. ರಕ್ತದಾಗ ಕೊಲೆಸ್ಟ್ರಾಲ್ ಅಂತ ಕೊಬ್ಬು ಇರತದ. ಅದು ಎಷ್ಟದ, ಸಕ್ರಿ ಎಷ್ಟದ ನೋಡಿದ್ರ, ಎದಿಗೆ ಮುಂದ ಏನರೆ ಆಗೂ ಹಂಗ ಅದ ಏನು, ಸಕ್ರಿ ರೋಗ ಬರೂ ಹಂಗ ಅದ ಏನು ಅಂತ ಅಂದಾಜು ಸಿಗತದ."

"ಅವ್ರಿಗೇನೂ ಆಗಿಲ್ರಿ. ಕಲ್ಲಿದ್ದಂಗ ಅದಾರ."

"ನಿಮ್ಮ ಭಾವನೂ ಹಂಗ ಇದ್ದನಲ್ಲ?"

ಅವ್ವ ನನ್ನ ಕೈ ಹಿಡಿದು ಸೀದಾ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಮೈ ನೆಟ್ಟಗಿರುವವನು ದವಾಖಾನೆಗೆ ಹೋಗುವುದೆಂದರೆ ಆಗ ನಮ್ಮಲ್ಲಿ ಹುಚ್ಚು ಹಿಡಿದವರ ಕೆಲಸ. ಅದರಲ್ಲೂ ರಕ್ತ! "ಎಷ್ಟು ತುಪ್ಪ ತಿಂದ್ರ ಒಂದು ತೊಟ್ಟು ರಕ್ತ ಆಗತೈತಿ, ಗೊತ್ತೈತೇನ ನಿಂಗ?" ಎಂದು ಅವ್ವನ ಮೇಲೆಯೇ ಏರಿ ಬಂದ. "ಅದನ್ನ ಸೂಜಿ ಚುಚ್ಚಿ ಶೀಸೆದಾಗ ತುಂಬಿ ಕೊಡಲೇನು? ಉಸ್ತಾದ ಕೇಳಿದ್ರ ಗೋರಿಯಿಂದ ಎದ್ದು ಬಂದು ಒದಿತಾನ."

ಅವ್ವ ಜಗಳಕ್ಕಿಳಿಯಲಿಲ್ಲ. ದೊಡ್ಡವ್ವ ಬೋರವ್ವ ಹೊರಗೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳ ಕಡೆ ಕೈ ತೋರಿಸಿ ಮೆಲ್ಲಗೆ, "ಅಕ್ಕನ ಹಣಿ ನೋಡ್ರಿ," ಎಂದಳು. "ನನಗೂ ಹಂಗ ಮಾಡಿ ಹೋಗಬೇಕಂತ ಮಾಡೀರೇನು?"

ಅಪ್ಪ ನೋಡಿದ. ಗುರುವಾರ ಹೋಗುತ್ತೇನೆ ಎಂದ.

ಗುರುವಾರ ಎಮ್ಮೆ ಈಯುವ ಹಾಗೆ ಮಾಡುತ್ತಿದ್ದುದರಿಂದ ಅವ್ವನಿಗೂ ನನಗೂ ಮನೆ ಬಿಡಲಾಗಲಿಲ್ಲ. ಬರಿಹೊಟ್ಟೆಯಲ್ಲಿ ಹೋಗಬೇಕು, ಚಹಾ ಕೂಡ ಕುಡಿಯಬಾರದು ಎಂದು ಹತ್ತು ಸಲ ಹೇಳಿ ಅಪ್ಪನನ್ನು ಮೊದಲ ಬಸ್ಸಿಗೆ ಕಳಿಸಿದೆವು. ವಿಜಾಪುರದ ಸ್ಟ್ಯಾಂಡಿನಲ್ಲಿ ಮಲ್ಲಿಕ ಕಾಕಾ ಕಾದಿದ್ದ. ಅವನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಗೆಳೆಯ ಹಸಿದಿರುವಾಗ ತಾನೊಬ್ಬನೇ ಹೇಗೆ ತಿನ್ನಲಿ ಎಂದು ಬಿಟ್ಟಿದ್ದನಂತೆ. ಮುಂದಿನದನ್ನು ನಾನು ಕಂಡವಳಲ್ಲ. ಅಪ್ಪನೇ ಆಮೇಲೆ ಬಾಯಿ ಬಿಟ್ಟಾಗ ಕೇಳಿದ್ದು.

ರಕ್ತ ತೆಗೆಯುವ ಜಾಗ ಗುಡಿಯ ಹತ್ತಿರದ ಬಜಾರಿನಲ್ಲಿ ಒಂದು ಹಳೆಯ ಮನೆಯ ಮಾಳಿಗೆಯ ಮೇಲಿತ್ತು. ಒಳಗೆ ಸ್ಟೋವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳು ನೀರಿನಲ್ಲಿ ಕುದಿಯುತ್ತಿದ್ದವು. ಅಪ್ಪ ಅದನ್ನು ಇಣುಕಿ ನೋಡಿದವನೇ ಹಿಂದೆ ಸರಿದು ಗೋಡೆಗೆ ಆತುಕೊಂಡು ನಿಂತ.

"ಲೇ ಮಲ್ಲ್ಯಾ, ನನ್ನ ಕಡಿಂದ ಆಗಂಗಿಲ್ಲಲೇ."

"ಸೂಜಿಗೆ ಹೆದರ್ತಿಯೇನಲೇ ಗೊಲ್ಲ್ಯಾ?"

"ಹೆದರಿಕಿ ಎಲ್ಲಿದು. ರಕ್ತ ಹೋಗತೈತಿ."

"ಮನ್ಯಾಗ ಸಕ್ರವ್ವ ವೈನಿ ಕೇಳಿದ್ರ ಏನ್ ಹೇಳ್ತಿ?"

ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದನಂತೆ. ಅವನು ಯೋಚನೆ ಮಾಡಿದಾಗಲೆಲ್ಲ ಮನೆಗೆ ಏನಾದರೊಂದು ಗಂಟು ಬೀಳುತ್ತಿತ್ತು. "ನೀ ಕೊಡಲೇ," ಎಂದ. "ಇಬ್ಬರದೂ ಒಂದ ಗರಡಿ, ಒಂದ ಖುರಾಕು. ನೀ ತಿಂದದ್ದ ನಾ ತಿಂದೀನಿ. ನಿನ್ನ ರಕ್ತದಾಗ ಏನೈತಿ, ಅದ ನನ್ನ ರಕ್ತದಾಗೂ ಇರತೈತಿ. ಒಬ್ಬರದು ನೋಡಿದ್ರ ಸಾಕಲ್ಲ?"

ಮಲ್ಲಿಕ ಕಾಕಾನಿಗೆ ಇದು ಸರಿಯೆನಿಸಿತು! "ಅದೂ ಖರೇನ ಐತಿ ಬಿಡು," ಎಂದ.

ನೀವು ನಗಬಹುದು. ನಾನೂ ನಕ್ಕಿದ್ದೇನೆ. ಆದರೆ ಅವರು ಡಾಕ್ಟರಿಗೆ ಮೋಸ ಮಾಡುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಹತ್ತು ವರ್ಷ ಒಂದೇ ಮಣ್ಣಿನಲ್ಲಿ ಹೊರಳಾಡಿ, ಒಬ್ಬರ ಬೆವರು ಒಬ್ಬರ ಮೈಗೆ ಹತ್ತಿದವರಿಗೆ ರಕ್ತ ಬೇರೆ ಬೇರೆ ಇರುತ್ತದೆ ಎಂಬುದೇ ತಲೆಗೆ ಹೊಳೆದಿರಲಿಕ್ಕಿಲ್ಲ. ಒಳಗಿನಿಂದ ಗೊಲ್ಲಾಳಪ್ಪ ಎಂದು ಕರೆದಾಗ ಕಾಕಾ ಎದ್ದು ಹೋಗಿ, ಅಂಗಿಯ ತೋಳು ಮಡಚಿ, ಕೈ ಚಾಚಿದ. ಆಮೇಲೆ ಇಬ್ಬರೂ ಹೋಟೆಲಿಗೆ ಹೋಗಿ ತುಪ್ಪ ಸುರಿಯುವ ಶಿರಾವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಮನೆಗೆ ಬಂದ ಅಪ್ಪ, "ಏನೂ ನೋವಾಗ್ಲಿಲ್ಲ," ಎಂದ. ಆ ಒಂದು ಮಾತು ಮಾತ್ರ ನಿಜ.

ಮುಂದಿನ ವಾರ ನಾವು ಮೂವರೂ ಡಾಕ್ಟರ ಹತ್ತಿರ ಹೋದೆವು. ಗುರುಪಾದಯ್ಯನವರು ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊಲ್ಲಾಳಪ್ಪ, ನಿಮ್ಮ ಹೆಂಡತಿ ನಿಮ್ಮನ್ನ ಸರಿಯಾದ ಹೊತ್ತಿಗೆ ಕಳಿಸ್ಯಾಳ. ಕೊಲೆಸ್ಟ್ರಾಲ್ ಭಾಳ ಅದ. ಸಕ್ರಿ ರೋಗ ಇನ್ನೂ ಬಂದಿಲ್ಲ, ಖರೆ ಬಾಗಿಲದಾಗ ನಿಂತದ. ಹಿಂಗ ಉಣಕೋತ ಹೋದ್ರ ನಿಮ್ಮ ಎದಿ ಎಂದ ಕೈ ಕೊಡತದೋ ನಾ ಹೇಳಾಂಗಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ಮುಖವಂತೂ ಬಿಳಿಚಿಕೊಂಡಿತು. ಪಾಪ, ಹೆದರಿದ್ದಾನೆ ಎಂದುಕೊಂಡೆ.

"ಸಾಹೇಬ್ರ," ಎಂದ ಅಪ್ಪ. "ಒಂದ ಅಡಗಿ ಉಂಡವರದೆಲ್ಲಾ ರಕ್ತ ಹಿಂಗ ಇರತೈತೇನ್ರಿ?"

"ಎಲ್ಲಿದು? ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದವರದೂ ಒಂದ ಇರಬೇಕಂತಿಲ್ಲ. ಒಬ್ಬಾಂವ ತುಪ್ಪ ಅರಗಿಸ್ಕೋತಾನ, ಇನ್ನೊಬ್ಬಾಂಗ ಅದು ರಕ್ತನಾಳದಾಗ ಕೂಡತದ. ಅವರವರ ರಕ್ತ ಅವರವರದು."

ಅಪ್ಪ ತಲೆ ತಗ್ಗಿಸಿದ. ತುಪ್ಪ, ಬೆಣ್ಣೆ, ಮಟನ್ನಿನ ಕೊಬ್ಬು, ತತ್ತಿಯ ಹಳದಿ, ಬೆಲ್ಲ, ಸಕ್ಕರೆ ಎಲ್ಲ ಬಂದ್ ಎಂದರು ಡಾಕ್ಟರು. ಅಡುಗೆಗೆ ಕುಸುಬಿ ಎಣ್ಣೆ, ಅದೂ ಚಮಚೆಯಲ್ಲಿ. ರೊಟ್ಟಿ, ಕಾಳು, ಸೊಪ್ಪು. ದಿನಾ ನಡೆಯಬೇಕು. ಅವ್ವ ಒಂದೊಂದನ್ನೂ ಬಾಯಲ್ಲೇ ಹೇಳಿಕೊಂಡು ನೆನಪಿಟ್ಟುಕೊಂಡಳು.

ಅಂದಿನಿಂದ ಅಪ್ಪ ಹಾಕಿದ್ದನ್ನು ಮಾತಾಡದೆ ಉಂಡ. ನನಗೆ ಆಗಲೇ ಸಂಶಯ ಬರಬೇಕಿತ್ತು. ಮಜ್ಜಿಗೆ ಸ್ವಲ್ಪ ನೀರಾದರೆ ತಾಟು ಸರಿಸುತ್ತಿದ್ದ ಮನುಷ್ಯ ಒಗ್ಗರಣೆಯಿಲ್ಲದ ಬೇಳೆಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದ. ಕುರಿಯ ಹಿಂದೆ ಹೋಗಿ ಒಬ್ಬನೇ ಕೂಡುತ್ತಿದ್ದ. ಅವ್ವ ಅವನನ್ನು ನೋಡಿ ನೋಡಿ ಕರಗಿ ಹೋದಳು. "ಸಾವಿಗೆ ಹೆದರ್ಯಾರ ನಿಮ್ಮಪ್ಪ," ಎಂದಳು ನನ್ನ ಹತ್ತಿರ. ಅವನು ಹೆದರಿದ್ದು ನಿಜವೇ, ಆದರೆ ಯಾರ ಸಾವಿಗೆ ಎಂದು ನಮಗೆ ತಿಳಿದಿರಲಿಲ್ಲ.

ಆಗ ನನ್ನ ಮದುವೆ ಗೊತ್ತಾಗಿತ್ತು. ನಮ್ಮ ಭೀಮಾಬಾಯಿಯ ಮದುವೆಯ ಗಾದಿ ಬೇರೆಯವರು ಹೊಲಿದರೆ ಕೈ ಮುರಿಯುತ್ತೇನೆ ಎಂದು ಮಲ್ಲಿಕ ಕಾಕಾ ಮೊದಲೇ ಹೇಳಿಟ್ಟಿದ್ದ. ಬಟ್ಟೆ ಆರಿಸಲು ನನ್ನನ್ನು ಕರೆದುಕೊಂಡು ಅಪ್ಪ ಟಿಕೋಟಾಕ್ಕೆ ಹೊರಟ. ಬಸ್ಸಿನಲ್ಲಿ, "ಡಾಕ್ಟರ ಮಾತು ಅಲ್ಲೆ ತಗಿಬ್ಯಾಡ. ಮಲ್ಲ್ಯಾ ಗಾಬರಿ ಆಗತಾನ," ಎಂದ. ಗೆಳೆಯನ ಮೇಲೆ ಎಷ್ಟು ಕಾಳಜಿ ಎಂದು ನನ್ನ ಮನಸ್ಸು ತುಂಬಿ ಬಂತು.

ನಾವು ಹೋದಾಗ ಕಾಕಾ ಅಂಗಳದಲ್ಲಿ ಕೂತು ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ತಂತಿ ಢಂಯ್ ಢಂಯ್ ಎಂದಾಗಲೆಲ್ಲ ಹತ್ತಿ ಹಾರಿ ಅವನ ಗಡ್ಡ, ಹುಬ್ಬಿನ ಮೇಲೆಲ್ಲ ಕೂಡುತ್ತಿತ್ತು. ನಮ್ಮನ್ನು ಕಂಡದ್ದೇ, "ಬಾರಲೇ ಗೊಲ್ಲ್ಯಾ! ಏನಾತಲೇ ರಕ್ತದ ಕಾಗದಾ?" ಎಂದು ಕಣ್ಣು ಮಿಟುಕಿಸಿದ.

"ಇನ್ನಾ ಬಂದಿಲ್ಲ," ಎಂದ ಅಪ್ಪ.

ನಾನು ಬಾಯಿ ತೆರೆದು ಅಪ್ಪನನ್ನು ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಅವನ ಕಣ್ಣೆಲ್ಲ ಕಾಕಾನ ಮೇಲಿತ್ತು. ಕಾಕಾ ಮತ್ತೆ ನಾಲ್ಕು ಸಲ ತಂತಿ ಮೀಟಿದ, ನಿಲ್ಲಿಸಿದ, ಎಡ ತೋಳು ಒತ್ತಿಕೊಂಡು ಸುಮ್ಮನೆ ಕೂತ.

"ಏನಾಗತೈತಲೇ?" ಎಂದ ಅಪ್ಪ.

"ಏನಿಲ್ಲ. ಹತ್ತಿ ಧೂಳು. ಉಸಿರು ಹಿಡದಂಗ ಆಗತೈತಿ."

ಕಾಕಾನ ಹೆಂಡತಿ ಮಾಬುಬಿ ಕಾಕಿ ಊಟಕ್ಕೆ ಕರೆದಳು. ಮಟನ್ನು ಮಾಡಿದ್ದಳು. ಮೇಲೆ ಎಣ್ಣೆ ತೇಲುತ್ತಿತ್ತು, ಪಕ್ಕದಲ್ಲಿ ತುಪ್ಪದ ಬಟ್ಟಲು. ಇಬ್ಬರಿಗೂ ಯಾವಾಗಿನಂತೆ ಒಂದೇ ದೊಡ್ಡ ತಾಟು. ಅಪ್ಪ ಬೇಡ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಬೇಡ ಎನ್ನಲಿಲ್ಲ. ಕೊಬ್ಬಿನ ತುಂಡುಗಳನ್ನೆಲ್ಲ ಹುಡುಕಿ ಹುಡುಕಿ ತಾನೇ ಎತ್ತಿಕೊಂಡ. ಕಾಕಾ ಒಂದಕ್ಕೆ ಕೈ ಹಾಕಿದರೆ ಅದನ್ನೂ ಕಸಿದು ಬಾಯಿಗೆ ಹಾಕಿಕೊಂಡ. ತುಪ್ಪದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ನೀರು ಕುಡಿದಂತೆ ಎತ್ತಿ ಕುಡಿದುಬಿಟ್ಟ. ಡಾಕ್ಟರ ಮಾತು ತೆಗೆಯಬೇಡ ಎಂದಿದ್ದರಿಂದ ನಾನು ಏನೂ ಅನ್ನುವಂತಿರಲಿಲ್ಲ. ಕೆಕ್ಕರಿಸಿ ನೋಡಿದ್ದಷ್ಟೇ ಬಂತು.

"ಏನಾಗೈತಿ ಗೊಲ್ಲಾಳಣ್ಣಾಗ ಇವತ್ತ?" ಎಂದು ಮಾಬುಬಿ ಕಾಕಿ ನಕ್ಕಳು. "ವೈನಿ ಉಪಾಸ ಕೆಡವ್ಯಾಳೇನು?"

"ತಿನ್ನಲಿ ಬಿಡು," ಎಂದ ಕಾಕಾ. "ಇನ್ನಷ್ಟು ಹಾಕು." ಅಪ್ಪ ತಲೆ ಬಗ್ಗಿಸಿ ತಿನ್ನುತ್ತಲೇ ಇದ್ದ. ಕಣ್ಣಲ್ಲಿ ನೀರು ಬಂದಿತ್ತು. ಖಾರ ಹೆಚ್ಚಾಯಿತೇನೋ ಎಂದುಕೊಂಡೆ.

ಮನೆಗೆ ಬಂದವಳೇ ನಾನು ಅವ್ವನ ಮುಂದೆ ಎಲ್ಲ ಒದರಿಬಿಟ್ಟೆ. ಸಿಟ್ಟಿನಲ್ಲಿ ನನಗೆ ಅಳುವೇ ಬಂದಿತ್ತು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಖರೇ ಏನ್ರಿ? ಕೊಬ್ಬು, ತುಪ್ಪ ಎಲ್ಲಾ ತಿಂದ್ರೇನು?"

"ತಿಂದ್ನಿ."

"ಸಾಯಬೇಕಂತ ಮಾಡೀರೇನು?"

"ನನಗೇನೂ ಆಗಂಗಿಲ್ಲ," ಎಂದ ಅಪ್ಪ. ಅಷ್ಟು ದೊಡ್ಡ ಆಳು ಅಂಗಳದ ಕಲ್ಲಿನ ಮೇಲೆ ಕುಸಿದು ಕೂತ. "ಆಗೂದು ಮಲ್ಲ್ಯಾಗ. ಅದು ನನ್ನ ರಕ್ತ ಅಲ್ಲ. ಅವಂದು." ಆಮೇಲೆ ಮಾಳಿಗೆಯ ಮೇಲೆ ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ, "ಅವ ತಿನ್ನೂದು ಕಮ್ಮಿ ಆಗಲಿ ಅಂತ ನಾ ತಿಂದ್ನಿ," ಎಂದು ಸಣ್ಣ ಹುಡುಗನಂತೆ ಅತ್ತ.

ಒಂದು ಕ್ಷಣ ಅವ್ವನ ಮುಖ ಬೆಳಗಿದ್ದನ್ನು ನಾನು ಕಂಡೆ. ಗಂಡನಿಗೆ ಏನೂ ಇಲ್ಲವಲ್ಲ ಎಂಬ ಸಂತೋಷ. ಅದು ಬಂದಷ್ಟೇ ಬೇಗ ಹೋಯಿತು, ಅದರ ಜಾಗದಲ್ಲಿ ಮಾಬುಬಿ ಕಾಕಿಯ ನೆನಪು ಬಂದಿರಬೇಕು. ಆಮೇಲೆ ಸುರುವಾಯಿತು ನೋಡಿ ಬೈಗುಳ. "ರಕ್ತ ಏನು ಕಡಾ ಕೊಡೂ ಸಾಮಾನೇನ್ರಿ, ಸಲಿಕಿ, ಕೊಡ್ಲಿ ಇದ್ದಂಗ? ಇಷ್ಟು ದಿನಾ ಆ ಮನಷಾಗ ಹೇಳದ ಹೆಂಗ ಕುಂತ್ರಿ? ನಾಳಿಗೇ ನಡೀರಿ. ನಾನೂ ಬರತೀನಿ."

"ನನ್ನ ಮಾರಿ ನೋಡಿ ಅವಗ ಹೆಂಗ ಹೇಳಲಿ?"

"ಹೇಳದ ಇದ್ರ ನಾಳಿ ಮಾಬುಬಿ ಮಾರಿ ಹೆಂಗ ನೋಡತೀರಿ?"

ಮರುದಿನ ಬೆಳಕು ಹರಿಯುತ್ತಲೇ ಟಿಕೋಟಾದ ಅಂಗಳದಲ್ಲಿ ನಿಂತಿದ್ದೆವು. ಕಾಕಾ ಆಗಷ್ಟೇ ಬಿಲ್ಲು ಕೈಗೆತ್ತಿಕೊಂಡಿದ್ದ. ಅಪ್ಪ ಅವನೆದುರು ನಿಂತು ಒಂದೇ ಉಸಿರಿನಲ್ಲಿ, "ಕಾಗದ ಬಂದೈತಲೇ ಮಲ್ಲ್ಯಾ. ಚೊಲೋ ಇಲ್ಲ. ಅದು ನಿಂದು," ಎಂದ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮಾಬುಬಿ ಕಾಕಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಕಾಕಾ ಬಿಲ್ಲು ಕೆಳಗಿಟ್ಟ. ಬೈಯುತ್ತಾನೆ ಎಂದು ನಾನು ಕಾದಿದ್ದೆ.

"ಹಂಗಾರ ನಿಂದು ಹೆಂಗೈತಲೇ?" ಎಂದ. "ನಿಂದು ಯಾರೂ ನೋಡೇ ಇಲ್ಲಲ್ಲ?"

ತನ್ನ ಎದೆಯ ಮಾತು ಕೇಳಿದ ಮನುಷ್ಯ ಮೊದಲು ಕೇಳಿದ್ದು ಇದನ್ನು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಇಬ್ಬರದೂ ನೋಡಸೂಣು ನಡಿರಿ ಮಲ್ಲಿಕಣ್ಣಾ. ಏನೂ ತಿಂದಿಲ್ಲಲ್ಲ ಇನ್ನಾ?" ಎಂದಳು.

ಡಾಕ್ಟರ್ ಗುರುಪಾದಯ್ಯನವರು ನಡೆದದ್ದನ್ನು ಕೇಳಿ ಮೊದಲು ಕೂಗಾಡಿದರು. ನಡುವೆ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡರು. ಈ ಸಲ ತಾವೇ ಮಾಳಿಗೆಗೆ ಬಂದು ನಿಂತು ಇಬ್ಬರ ರಕ್ತವನ್ನೂ ತೆಗೆಸಿದರು. ಅಪ್ಪ ಕಣ್ಣು ಮುಚ್ಚಿ ಕಾಕಾನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಕಾಕಾ ಆಮೇಲೆ ಸೂಜಿ ಚುಚ್ಚಿದ ಕೈಯನ್ನು ಬಿಟ್ಟು ಆ ಕೈಯನ್ನೇ ತಿಕ್ಕಿಕೊಳ್ಳುತ್ತ ಕೂತಿದ್ದ.

ಕಾಗದ ಬಂದ ದಿನ ಡಾಕ್ಟರು ಮೊದಲು ನಮ್ಮನ್ನು ಒಳಗೆ ಕರೆದರು. ಕಾಕಾ, ಕಾಕಿ ಹೊರಗೆ ಬೆಂಚಿನ ಮೇಲಿದ್ದರು.

"ಗೊಲ್ಲಾಳಪ್ಪ, ನಿನಗೇನೂ ಇಲ್ಲಪಾ. ಕೊಬ್ಬೂ ಹದದಾಗ ಅದ, ಸಕ್ರಿನೂ ಹದದಾಗ ಅದ. ಹಿತಮಿತವಾಗಿ ಎಲ್ಲಾ ಉಣ್ಣು. ವರ್ಷಕ್ಕೊಮ್ಮೆ ಬಂದು ತೋರಿಸ್ಕೊಂಡು ಹೋಗು." ಆಮೇಲೆ ದನಿ ಇಳಿಸಿದರು. "ಅವಂದು ಹಂಗ ಅದ. ಗುಳಿಗಿ ಕೊಡತೀನಿ. ಖರೆ ಬಾಯಿ ಕಟ್ಟಲಿಲ್ಲಂದ್ರ ಗುಳಿಗಿ ಏನೂ ಮಾಡಂಗಿಲ್ಲ. ಇನ್ನಾ ಹೊತ್ತು ಮೀರಿಲ್ಲ. ಕೇಳಿದ್ರ ಉಳಿತಾನ."

ಕಾಕಾನನ್ನು ಕರೆದು ಎಲ್ಲ ಹೇಳಿದರು. ಅವನು ಶಾಂತವಾಗಿ ಕೇಳಿ ತಲೆ ಅಲ್ಲಾಡಿಸಿದ.

"ಆಗಂಗಿಲ್ರಿ ಸಾಹೇಬ್ರ. ಗುಳಿಗಿ ನುಂಗತೀನಿ. ಒಣಾ ರೊಟ್ಟಿ ನನ್ನ ಕಡಿಂದ ಆಗಂಗಿಲ್ಲ. ತಿನ್ನೂದು ಬಿಟ್ಟು ಬದಕೂದು ಅದೊಂದು ಬದುಕೇನ್ರಿ?"

ಮಾಬುಬಿ ಕಾಕಿ ಕೈ ಮುಗಿದು ಬೇಡಿಕೊಂಡಳು. ಡಾಕ್ಟರು ಹೆದರಿಸಿದರು. ಅವ್ವ ತಿಳಿಹೇಳಿದಳು. ಕಾಕಾ ನಗುತ್ತಲೇ ಇದ್ದ. ಕುಸ್ತಿಯಲ್ಲಿ ನೆಲ ಹಿಡಿದವನನ್ನು ಹೊರಳಿಸುವುದು ಸುಲಭವಲ್ಲ ಎಂದು ಅಪ್ಪ ಹೇಳುತ್ತಿದ್ದ, ಹಾಗೆ ಗಟ್ಟಿಯಾಗಿ ಕೂತಿದ್ದ. ಕೊನೆಗೆ ಅಪ್ಪನ ಕಡೆ ತಿರುಗಿ, "ಅದೆಲ್ಲಾ ಇರಲಿ. ನಿಂದೇನಂತಲೇ ಗೊಲ್ಲ್ಯಾ?" ಎಂದ.

ಅಪ್ಪ ಗೆಳೆಯನ ಮುಖ ನೋಡಿದ.

"ನಂದೂ ಹಂಗ ಐತಿ," ಎಂದ. "ನಿಂದಕ್ಕಿಂತ ಒಂದು ಕೈ ಮ್ಯಾಲ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅವ್ವ ಕಾಕಾನಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಅವರಿಗೆ ಕೈ ಮುಗಿದಳು. ಗುರುಪಾದಯ್ಯನವರು ಬಾಯಿ ಮುಚ್ಚಿ, ಅಪ್ಪನ ಕಾಗದವನ್ನು ಮಡಚಿ ಮೇಜಿನ ಖಾನೆಯೊಳಗೆ ಹಾಕಿದರು.

ಕಾಕಾನ ನಗು ನಿಂತಿತ್ತು. "ಖರೇ ಏನಲೇ?"

"ಡಾಕ್ಟರ ಇಲ್ಲೇ ಅದಾರ, ಕೇಳು. ನಾ ಅಂತೂ ಇವತ್ತಿಂದ ಎಲ್ಲಾ ಬಿಟ್ಟೀನಿ. ನನಗ ಮೊಮ್ಮಕ್ಕಳ್ನ ನೋಡಬೇಕಾಗೈತಿ. ನೀ ಒಬ್ಬಾಂವ ತಿಂದು ಹೋಗ್ತಿದ್ರ ಹೋಗು. ನಾ ಇಲ್ಲೆ ಒಬ್ಬಾಂವ ಇರತೀನಿ."

"ನಿನ್ನ ಒಬ್ಬನ್ನ ಹೆಂಗ ಬಿಡಲೇ," ಎಂದ ಕಾಕಾ. ಎದ್ದು ಅಪ್ಪನ ಹೆಗಲಿಗೆ ಒಂದು ಗುದ್ದು ಕೊಟ್ಟ. "ಆತು ನಡಿ. ಏನು ತಿನ್ನಬೇಕಂತ ಹೇಳ್ರಿ ಸಾಹೇಬ್ರ, ಇಬ್ಬರಿಗೂ."

ಸ್ಟ್ಯಾಂಡಿನಲ್ಲಿ ಅವರು ಟಿಕೋಟಾ ಬಸ್ಸು ಹತ್ತಿದರು, ನಾವು ಬಬಲೇಶ್ವರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅವ್ವನ ಮನಸ್ಸು ಹಗುರಾಗಿತ್ತು. ಮನೆಗೆ ಬಂದದ್ದೇ ಒಲೆ ಹೊತ್ತಿಸಿ ಬಿಸಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಅಪ್ಪ ಉಣ್ಣಲು ಕೂತಾಗ ನೆಲುವಿನ ಮೇಲಿಂದ ತುಪ್ಪದ ಗಡಿಗೆ ಇಳಿಸಿ ತಂದಳು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಆ ವಾಸನೆ ಬಂತು.

ಅವಳು ಬಡಿಸಲು ಬಗ್ಗಿದಾಗ ಅಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಯಾಕ್ರಿ? ಇಲ್ಲಿ ಯಾರು ನೋಡತಾರ? ಡಾಕ್ಟರು ನಿಮಗೇನೂ ಇಲ್ಲ ಅಂದಾರಲ್ಲ."

"ಅವ ಈಗ ಟಿಕೋಟಾದಾಗ ಒಣಾ ರೊಟ್ಟಿ ಮುರಿಯಾಕತ್ತಿರತಾನ," ಎಂದ ಅಪ್ಪ. "ನನ್ನ ಗಂಟಲದಾಗ ತುಪ್ಪ ಇಳಿಯಂಗಿಲ್ಲ. ಒಳಗಿಡು."

ಅವ್ವ ಗಡಿಗೆಯನ್ನು ಒಳಗಿಟ್ಟು ಬಂದು, ತನ್ನ ತಾಟಿಗೂ ಒಣ ರೊಟ್ಟಿ ಹಾಕಿಕೊಂಡು ಅವನ ಪಕ್ಕದಲ್ಲಿ ಕೂತಳು. ಅಪ್ಪ ಎಷ್ಟೋ ವರ್ಷ ಹಾಗೆಯೇ ಉಂಡ. ಕಾಕಾನೂ ಉಂಡ.